ಐಲೀನ್ ಗ್ರೇ ಕಟ್ಟಿದ ಕಡಲ ಮನೆ

ನೀಸ್‌ನಿಂದ ಪೂರ್ವಕ್ಕೆ ಹೊರಟ ಲೋಕಲ್ ರೈಲು ಸುರಂಗಗಳಲ್ಲಿ ನುಗ್ಗಿ ಹೊರಬರುತ್ತಾ ಮೊನಾಕೊ ದಾಟಿತು. ಬಲಗಡೆ ಕಿಟಕಿಯುದ್ದಕ್ಕೂ ಮೆಡಿಟರೇನಿಯನ್ ಕಡಲು. ರೋಕ್‌ಬ್ರೂನ್-ಕಾಪ್-ಮಾರ್ತಾನ್ ನಿಲ್ದಾಣದಲ್ಲಿ ಇಳಿದರೆ ಮುಂದೆ ನಡಿಗೆಯೇ. ಹಳಿಗೂ ಕಡಲಿಗೂ ನಡುವಿನ ಆ ಕಾಲುದಾರಿಗೆ ವಾಸ್ತುಶಿಲ್ಪಿ ಲೆ ಕಾರ್ಬುಸಿಯರ್‌ನ ಹೆಸರಿಟ್ಟಿದ್ದಾರೆ. ಚಂಡೀಗಡವನ್ನು ರೂಪಿಸಿದವನು ಕೊನೆಗಾಲದ ಬೇಸಿಗೆಗಳನ್ನು ಕಳೆದದ್ದು ಇಲ್ಲೇ. 1965ರಲ್ಲಿ ಈಜಲು ಇಳಿದು ಸತ್ತದ್ದೂ ಇದೇ ನೀರಿನಲ್ಲಿ. ಆದರೆ ನಾನು ಬಂದದ್ದು ಅವನಿಗಾಗಿ ಅಲ್ಲ. ಅವನಿಗಿಂತ ಎಷ್ಟೋ ವರ್ಷ ಮೊದಲು ಈ ಬಂಡೆಗಳ ಮೇಲೆ ಮನೆ ಕಟ್ಟಿದ ಐಲೀನ್ ಗ್ರೇಗಾಗಿ.

ಗ್ರೇ 1878ರಲ್ಲಿ ಐರ್ಲೆಂಡಿನ ಎನ್ನಿಸ್ಕೊರ್ತಿಯಲ್ಲಿ ಹುಟ್ಟಿದವಳು. ಲಂಡನ್ನಿನಲ್ಲಿ ಚಿತ್ರಕಲೆ ಕಲಿತು ಪ್ಯಾರಿಸ್ಸಿಗೆ ಬಂದಳು. ಅಲ್ಲಿ ಜಪಾನಿನ ಕುಶಲಕರ್ಮಿ ಸುಗವಾರ ಅವಳಿಗೆ ಉರುಶಿ ಎಂಬ ಮೆರುಗೆಣ್ಣೆಯ ಕೆಲಸ ಕಲಿಸಿದ. ನಮ್ಮ ಚನ್ನಪಟ್ಟಣದ ಗೊಂಬೆಗೆ ಹಚ್ಚುವ ಅರಗು ಹುಳುವಿನಿಂದ ಬರುವಂಥದ್ದು. ಉರುಶಿ ಮರದ ಹಾಲು. ಅದು ಒಣಗಲು ತೇವದ ಗಾಳಿ ಬೇಕು, ಒಂದು ಪದರ ಒಣಗಿದ ಮೇಲೆಯೇ ಇನ್ನೊಂದು. ಹಾಲು ತಾಗಿ ಅವಳ ಕೈಗಳಲ್ಲಿ ಗಂದೆ ಎದ್ದರೂ ಬಿಡಲಿಲ್ಲ. ಆ ಕಾಲದಲ್ಲಿ ಅವಳು ಮಾಡಿದ ಡ್ರ್ಯಾಗನ್ ಕುರ್ಚಿ 2009ರ ಹರಾಜಿನಲ್ಲಿ ಸುಮಾರು 2.19 ಕೋಟಿ ಯೂರೊಗೆ ಹೋಯಿತು. ಅವಳ ಹೆಸರು ಹೇಳುವಾಗಲೆಲ್ಲ ಈ ಬೆಲೆಯೇ ಮುಂದೆ ಬರುವುದು ನನಗೆ ಬೇಸರದ ಸಂಗತಿ. ಏಕೆಂದರೆ ಅವಳ ನಿಜವಾದ ಬುದ್ಧಿ ಕಾಣುವುದು ಈ ಮನೆಯಲ್ಲಿ.

1926ರಿಂದ 1929ರವರೆಗೆ, ಐವತ್ತರ ಆಸುಪಾಸಿನಲ್ಲಿ, ವಾಸ್ತುಶಿಲ್ಪವನ್ನು ಶಾಲೆಯಲ್ಲಿ ಕಲಿಯದ ಗ್ರೇ ತನ್ನ ಸಂಗಾತಿ ಜಾನ್ ಬಡೊವಿಚಿಗಾಗಿ ಇದನ್ನು ಕಟ್ಟಿದಳು. ಹೆಸರು ಇ-1027. ಇ ಎಂದರೆ ಐಲೀನ್. 10, 2, 7 ಎಂದರೆ ವರ್ಣಮಾಲೆಯ ಆಯಾ ಸ್ಥಾನದ ಅಕ್ಷರಗಳಾದ ಜೆ, ಬಿ, ಜಿ. ಇಬ್ಬರ ಹೆಸರನ್ನೂ ಹೆಣೆದು, ಅವನ ಹೆಸರನ್ನು ತನ್ನ ಹೆಸರಿನ ನಡುವೆ ಕೂರಿಸಿದ್ದಾಳೆ.

ಗೈಡ್ ನಮ್ಮ ಸಣ್ಣ ಗುಂಪನ್ನು ಬಾಗಿಲ ಬಳಿ ನಿಲ್ಲಿಸಿದಳು. ನಿಧಾನವಾಗಿ ಒಳಗೆ ಬನ್ನಿ ಎಂದು ಗೋಡೆಯ ಮೇಲೆ ಫ್ರೆಂಚಿನಲ್ಲಿ ಅಚ್ಚು ಹಾಕಿದೆ. ಒಳಗೆ ದೊಡ್ಡ ಕೋಣೆ, ಉದ್ದಕ್ಕೂ ಮಡಚಿ ತೆರೆಯುವ ಕಿಟಕಿ, ಆಚೆ ಕಡಲು. ಕಟ್ಟುವ ಮೊದಲು ಸೂರ್ಯ ಎಲ್ಲಿಂದ ಎಲ್ಲಿಗೆ ಸರಿಯುತ್ತಾನೆ, ಗಾಳಿ ಯಾವ ಕಡೆಯಿಂದ ಬರುತ್ತದೆ ಎಂದು ನೋಡಿಕೊಂಡಿದ್ದಳು. ಬಿಸಿಲು ಏರಿದಂತೆ ಸರಿಸಬಹುದಾದ ಕಿಟಕಿ ಬಾಗಿಲುಗಳನ್ನು ನೋಡಿದರೆ ಅದು ತಾನಾಗಿ ತಿಳಿಯುತ್ತದೆ.

ಮೂಲ ಸಾಮಾನುಗಳು ಮಾರಾಟವಾಗಿ ಚದುರಿವೆ. ಈಗ ಇರುವವು ಬಹುಮಟ್ಟಿಗೆ ಹಳೆಯ ಫೋಟೊ, ನಕ್ಷೆ ನೋಡಿ ಮತ್ತೆ ಮಾಡಿದವು. ಆದರೂ ಅವುಗಳ ಮುಂದೆ ನಾನು ಬಹಳ ಹೊತ್ತು ನಿಂತೆ. ಉಕ್ಕಿನ ಕೊಳವೆ, ದುಂಡು ಗಾಜು ಸೇರಿಸಿ ಮಾಡಿದ ಪುಟ್ಟ ಮೇಜು ಇದೆಯಲ್ಲ, ಅದರ ಬುಡದ ಬಳೆ ಮಂಚದ ಕೆಳಗೆ ಸರಿಯುತ್ತದೆ, ಗಾಜು ಎದೆಯ ಮುಂದೆ ಬಂದು ನಿಲ್ಲುತ್ತದೆ. ಸರಪಳಿಗೆ ಕಟ್ಟಿದ ಕೀಲಿಯಿಂದ ಎತ್ತರ ಹೊಂದಿಸಬಹುದು. ಹಾಸಿಗೆಯಲ್ಲೇ ತಿಂಡಿ ತಿನ್ನುವ ಅಕ್ಕನನ್ನು ನೆನೆದು ಮಾಡಿದ್ದು ಎನ್ನುತ್ತಾರೆ. ಊಟದ ಮೇಜಿಗೆ ಬೆಂಡಿನ ಹೊದಿಕೆ, ತಟ್ಟೆ ಲೋಟಗಳ ಸದ್ದು ಕೇಳದಿರಲೆಂದು. ಒಂದು ದುಂಡು ಕನ್ನಡಿಯೊಳಗೆ ತೋಳಿನ ತುದಿಗೆ ಇನ್ನೊಂದು ಕಿರುಗನ್ನಡಿ. ತಿರುಗಿಸಿದರೆ ಕುತ್ತಿಗೆಯ ಹಿಂಭಾಗವೂ ಕಾಣುತ್ತದೆ, ಅದಕ್ಕೆ ಬೆಳಕೂ ಉಂಟು. ನಿಲುವು ದೀಪವಂತೂ ಕ್ರೋಮ್ ಕಂಬಕ್ಕೆ ನೆಟ್ಟಗೆ ನಿಲ್ಲಿಸಿದ ಬರಿಯ ಟ್ಯೂಬ್, ಮುಚ್ಚಳವಿಲ್ಲ, ಮರೆಯಿಲ್ಲ. ನಮ್ಮ ಕಾಲಕ್ಕೆ ಟ್ಯೂಬ್‌ಲೈಟ್ ಎಂದರೆ ಕಚೇರಿಯ ಮಂಕು ನೆನಪು; ಅವಳು ಬರಿಯ ಟ್ಯೂಬಿನ ಗೆರೆಯೊಂದರಲ್ಲೇ ಚೆಲುವು ಕಂಡಳು. ಇಂದೋರಿನ ಮಹಾರಾಜ ಯಶವಂತರಾವ್ ಹೋಳ್ಕರ್ ತನ್ನ ಮಾಣಿಕ್ ಬಾಗ್ ಅರಮನೆಗೆ ತರಿಸಿದ ಆಧುನಿಕ ಸಾಮಾನುಗಳಲ್ಲಿ ಅವಳ ಟ್ರಾನ್ಸಾಟ್ ಕುರ್ಚಿಯೂ ಇತ್ತು. ಹಡಗಿನ ಡೆಕ್ ಕುರ್ಚಿಯನ್ನು ನೆನಪಿಸುವ ಅದರಲ್ಲಿ ತಲೆದಿಂಬು ವಾಲುತ್ತದೆ.

ಇಷ್ಟು ಯೋಚಿಸಿ ಬಿಟ್ಟ ಗೋಡೆಗಳ ಮೇಲೆ ಚಿತ್ರಗಳಿವೆ. ಗ್ರೇ ಮನೆಯನ್ನು ಬಡೊವಿಚಿಗೆ ಬಿಟ್ಟು ಹೋದ ಮೇಲೆ, 1938 ಮತ್ತು 39ರಲ್ಲಿ, ಅತಿಥಿಯಾಗಿ ಬಂದ ಲೆ ಕಾರ್ಬುಸಿಯರ್ ಬರೆದವು. ಅವಳನ್ನು ಕೇಳಲಿಲ್ಲ. ಅವಳ ಪಾಲಿಗೆ ಅದು ಹಾಳುಗೆಡವಿದ ಕೆಲಸ. ನನಗೂ ಹಾಗೆಯೇ ಅನಿಸಿತು. ಆ ಬಣ್ಣಗಳು ಒಳ್ಳೆಯವೇ, ಬೇರೆ ಕಡೆ ಇದ್ದಿದ್ದರೆ ಮೆಚ್ಚಿಕೊಂಡೇನು. ಇಲ್ಲಿ ಅವು ಕಡಲಿನ ಕಡೆಗೆ ಹೊರಟ ಕಣ್ಣನ್ನು ಎಳೆದು ತಮ್ಮ ಮೇಲೆ ನಿಲ್ಲಿಸಿಕೊಳ್ಳುತ್ತವೆ. ಬಡೊವಿಚಿ 1956ರಲ್ಲಿ ತೀರಿಕೊಂಡಾಗ ಮನೆಗೆ ಕೊಳ್ಳುವವರನ್ನು ಹುಡುಕಿಕೊಟ್ಟವನೂ ಲೆ ಕಾರ್ಬುಸಿಯರ್. ಈ ಚಿತ್ರಗಳಿಲ್ಲದಿದ್ದರೆ ಮನೆ ಉಳಿಯುತ್ತಿತ್ತೋ ಇಲ್ಲವೋ. ಆ ಋಣ ನಿಜವೇ, ಆದರೆ ಅವಳನ್ನು ಕೇಳದೆ ಮಾಡಿದ್ದನ್ನು ಅದು ಅಳಿಸುವುದಿಲ್ಲ. ಬಹಳ ವರ್ಷ ಈ ಮನೆಯನ್ನೇ ಜನ ಗಂಡಸರ ಹೆಸರಿನಲ್ಲಿ ಕರೆದರು. ಪಕ್ಕದಲ್ಲೇ ಇರುವ ಲೆ ಕಾರ್ಬುಸಿಯರ್‌ನ ಮರದ ಗುಡಿಸಲು 2016ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು, ಚಂಡೀಗಡದ ಕ್ಯಾಪಿಟಲ್ ಸಂಕೀರ್ಣದ ಜೊತೆಗೆ.

ಗ್ರೇಯನ್ನು ಲೋಕ ಮತ್ತೆ ಕಂಡದ್ದು 1968ರಲ್ಲಿ, ವಾಸ್ತುಶಿಲ್ಪದ ಇತಿಹಾಸಕಾರ ಜೋಸೆಫ್ ರಿಕ್ವರ್ಟ್ ಡೊಮಸ್ ಎಂಬ ವಿನ್ಯಾಸ ಪತ್ರಿಕೆಯಲ್ಲಿ ಅವಳ ಬಗ್ಗೆ ಬರೆದಾಗ. ಆಗ ಅವಳಿಗೆ ತೊಂಬತ್ತು. ಮುಂದೆ ಲಂಡನ್ನಿನ ಪೀಠೋಪಕರಣ ವ್ಯಾಪಾರಿ ಜೆಯೆವ್ ಆರಾಮ್ ಅವಳೊಂದಿಗೆ ಕೂತು ಹಳೆಯ ವಿನ್ಯಾಸಗಳನ್ನು ಮತ್ತೆ ತಯಾರಿಕೆಗೆ ತಂದ. 1976ರಲ್ಲಿ ತೀರಿಕೊಳ್ಳುವವರೆಗೂ ಅವಳು ಕೆಲಸ ಬಿಡಲಿಲ್ಲ.

ಗೈಡ್ ವಿದಾಯ ಹೇಳುವಾಗ ಮೇಲಿನ ಬೆಟ್ಟ ತೋರಿಸಿದಳು. ಮಾಂತೋನ್ ಊರಿನ ಹಿಂದೆ, ಕಾಸ್ತೆಲಾರ್ ದಾರಿಯಲ್ಲಿ, ಗ್ರೇ ತನಗೊಬ್ಬಳಿಗೇ ಕಟ್ಟಿಕೊಂಡ ಇನ್ನೊಂದು ಮನೆಯಿದೆ. ಖಾಸಗಿ ಸೊತ್ತು, ಒಳಗೆ ಬಿಡುವುದಿಲ್ಲ. ರಸ್ತೆಯಿಂದಾದರೂ ನೋಡೋಣ ಎಂದು ಮಾಂತೋನ್ ಕಡೆಯ ರೈಲು ಹಿಡಿದೆ.