ಮುಂಬಯಿ ಮತ್ತು ಲಂಡನ್

ಅಡರಕಟ್ಟಿಯಲ್ಲಿ ಹುಟ್ಟಿ ಬೆಳೆದ ನಮ್ಮಂಥವರಿಗೆ ಲಕ್ಷ್ಮೇಶ್ವರವೇ ದೊಡ್ಡ ಪಟ್ಟಣ. ಅಂತಹದರಲ್ಲಿ ವರ್ಷದೊಳಗಾಗಿ ಎರಡು ಮಹಾನಗರಗಳನ್ನು ಕಾಣುವ ಯೋಗ ನಮಗೊದಗಿತು. ಮಗನು ಮುಂಬಯಿಯಲ್ಲಿರುವನು, ಮಗಳು ಲಂಡನ್ನಿನಲ್ಲಿ. ಹೊಲವನ್ನು ಪಾಲಿಗೆ ಕೊಟ್ಟು ತಮ್ಮ ಬಳಿಗೆ ಬಂದಿರಬೇಕೆಂದು ಇಬ್ಬರದೂ ಒತ್ತಾಯ. ಆದುದರಿಂದ ನಾವು ಬರಿದೆ ನೋಡಲು ಹೋದವರಲ್ಲ. ಮುಪ್ಪಿನಲ್ಲಿ ಅಲ್ಲಿ ನೆಲೆಸಬಹುದೇ ಎಂದು ಪರೀಕ್ಷಿಸಲು ಹೋದವರು.

ಆಷಾಢದಲ್ಲಿ ಮುಂಬಯಿಗೆ ಹೋದೆವು. ಮುಂಬಯಿಯಿಂದ ಠಾಣೆಗೆ ಉಗಿಬಂಡಿ ಓಡಿದುದು 1853ರಲ್ಲಿ. ಲಂಡನ್ನಿನ ನೆಲದಡಿಯ ರೈಲು 1863ರದು. ಮುಂಬಯಿಯ ಬಂಡಿಯಲ್ಲಿ ಜನರೇ ನಮ್ಮನ್ನು ಒಳಕ್ಕೆ ನೂಕಿದರು, ಜನರೇ ಹೊರಕ್ಕೆ ತಂದರು. ನಮ್ಮ ಕಾಲಿಗೆ ಕೆಲಸವೇ ಇರಲಿಲ್ಲ! ಆದರೂ ಒಬ್ಬನು ಎದ್ದು ಸ್ಥಳ ಕೊಟ್ಟು, ಯಾವ ಊರಿನವರೆಂದು ವಿಚಾರಿಸಿದನು. ಲಂಡನ್ನಿನಲ್ಲಿಯೂ ಸ್ಥಳ ಕೊಟ್ಟರು. ಊರನ್ನು ಯಾರೂ ಕೇಳಲಿಲ್ಲ.

ಒಕ್ಕಲುತನದವರ ಕಣ್ಣು ಮೊದಲು ಮುಗಿಲ ಕಡೆಗೆ ಹೋಗುವುದಷ್ಟೆ. ಮುಂಬಯಿಯಲ್ಲಿ ವರ್ಷಕ್ಕೆ 200 ಸೆಂಟಿಮೀಟರಿಗೂ ಮಿಕ್ಕಿ ಮಳೆಯಾಗುವುದು, ಅದೂ ಬಹುಮಟ್ಟಿಗೆ ನಾಲ್ಕೇ ತಿಂಗಳಲ್ಲಿ. ಲಂಡನ್ನಿನದು 60 ಸೆಂಟಿಮೀಟರಿನ ಆಸುಪಾಸು. ನಮ್ಮ ಗದಗ ಸೀಮೆಯ ಮಳೆಯೂ ಹೆಚ್ಚುಕಡಮೆ ಅಷ್ಟೇ ಎಂದರೆ ವಾಚಕರು ನಂಬುವರೋ ಇಲ್ಲವೋ! ಆದರೆ ಅಲ್ಲಿ ಅದು ಹನ್ನೆರಡು ತಿಂಗಳೂ ತುಂತುರಾಗಿ ಹಂಚಿ ಬೀಳುವುದು, ಬಿಸಿಲು ಮಂದ, ನೀರು ಬೇಗ ಆರದು. ಅದರಿಂದ ಹುಲ್ಲು ಸದಾ ಹಸುರು. ಅಷ್ಟೇ ನೀರು ನಮ್ಮಲ್ಲಿ ಕೆಲವೇ ದಿನ ಸುರಿದು, ಉಳಿದ ದಿನ ಎರೆಯ ಹೊಲ ಬಾಯಿ ಬಿಡುವುದು. ಲಂಡನ್ನು ತನ್ನ ಥೇಮ್ಸ್ ನದಿಯ ನೀರನ್ನೇ ಶುದ್ಧಿಗೊಳಿಸಿ ಕುಡಿಯುವುದು. ಅಷ್ಟು ಮಳೆಯ ಮುಂಬಯಿಗೆ ತಾನಸಾ, ಭಾತಸಾಗಳಂತಹ ದೂರದ ಜಲಾಶಯಗಳಿಂದ ನೀರು ಬರಬೇಕು.

ಮುಂಬಯಿಯಲ್ಲಿ ಕನ್ನಡಕ್ಕೆ ಬರವಿಲ್ಲ. ಮಾಟುಂಗದ ಮೈಸೂರು ಅಸೋಸಿಯೇಶನ್ನಿನಲ್ಲಿ ಒಂದು ಸಂಜೆ ಊರಿನಲ್ಲಿದ್ದಂತೆಯೇ ಕಳೆದೆವು. ಲಂಡನ್ನಿನಲ್ಲಿ, ಪಾರ್ಲಿಮೆಂಟಿನ ಎದುರು ದಂಡೆಯಲ್ಲಿ, 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯಿದೆ. ಚೈತ್ರವಾದರೂ ಕೊರೆಯುವ ಚಳಿ. ನಮ್ಮ ಮನೆಯವರು ಕಾಲ್ಚೀಲ ಸಹ ಕಳಚಿ ಕೈಮುಗಿದು ನಿಂತುಬಿಟ್ಟರು. ದಾರಿಹೋಕನೊಬ್ಬನು ಇವರಾರೆಂದು ಕೇಳಿದನು. ಮಗಳು ಬಹಳ ಹೊತ್ತು ಹೇಳಿದಳು. ಆಕೆಯು ಅಷ್ಟು ಉತ್ಸಾಹದಿಂದ ಮಾತನಾಡಿದುದನ್ನು ಆ ಊರಿನಲ್ಲಿ ನಾವು ಅದೊಂದೇ ಸಲ ಕಂಡೆವು. ಬೀಳ್ಕೊಡುವಾಗ, "ಅಪ್ಪಾ, ಇಲ್ಲೇ ಇರ್ರಿ" ಎಂದಳು. ನಾವು ಉತ್ತರ ಕೊಡಲಾರದೆ ಹೋದೆವು.

ಊರಿಗೆ ಮರಳಿದಾಗ ಜೂನ್ ತಿಂಗಳು. ಹೆಸರು ಬಿತ್ತುವುದಕ್ಕೆ ನೆಲ ಹದವಾಗಿತ್ತು. ಈ ವರ್ಷದ ಬಿತ್ತಿಗೆ ಮುಗಿಯಲಿ, ಬರುವ ವರ್ಷ ನೋಡೋಣವೆಂದು ಮಗಳಿಗೆ ತಿಳಿಸಿದೆವು. ಮಗನಿಗೂ ಅದನ್ನೇ ತಿಳಿಸಿದ್ದೇವೆ.