ಹತ್ತು ಚುಕ್ಕಿ

ಹೋದ ವಾರ ನಮ್ಮನ್ಯಾಗ ನಡದದ್ದು ಹೇಳ್ತೀನಿ ಕೇಳ್ರಿ.

ಮಗಳು ಎಂ.ಟೆಕ್ ಓದ್ಲಿಕತ್ತಾಳ. ನಮ್ಮತ್ತಿ ಬಚ್ಚಲದಾಗ ಜಾರಿ ಬಿದ್ದು ತೊಡಿ ಎಲುಬು ಮುರಕೊಂಡಿದ್ರಲ್ಲ, ಅದನ್ನ ನೋಡಿ ಆಕಿ ಪ್ರಾಜೆಕ್ಟಿಗೂ ತೊಡಿ ಎಲುಬನ್ನೇ ಹಿಡದಾಳ. ಭಾರ ಬಿದ್ದಾಗ ಎಲ್ಲಿ ಒತ್ತಡ ಹೆಚ್ಚಾಗ್ತದ ಅಂತ ಕಂಪ್ಯೂಟರಿನಾಗ ಲೆಕ್ಕ ಹಾಕೂದು.

ರಾತ್ರಿ ಹಾಲು ಕೊಡ್ಲಿಕ್ಕೆ ಹೋದ್ರ ಆಕಿ ಕಣ್ಣಾಗ ನೀರು. ಸೋಮವಾರ ತೋರಿಸಬೇಕು, ಚಿತ್ರ ಸರಿ ಬರವಲ್ದು.

"ಏನಾತು?" ಅಂದೆ.

"ನಿನಗ ತಿಳಿಯಂಗಿಲ್ಲ ಬಿಡವ್ವಾ."

ಪಿಯುಸಿಗೇ ಓದು ಬಿಟ್ಟಾಕಿಗೆ ಈ ಮಾತು ಹೊಸದಲ್ಲ. ಚುರ್ ಅಂತು, ಆದ್ರೂ ಕೂತೆ. "ತಿಳಿಯೂಹಂಗ ಹೇಳು."

ಹೇಳಿದ್ಲು. ಎಲುಬನ್ನ ಸಣ್ಣ ಸಣ್ಣ ತುಂಡು ಮಾಡ್ತಾರಂತ, ಒಂದೊಂದೂ ಸಮೋಸಾ ಆಕಾರದ್ದು. ನಾಕು ಮೂಲಿಗೆ ನಾಕು ಚುಕ್ಕಿ, ಆರು ಅಂಚಿನ ನಡುವ ಒಂದೊಂದು, ಒಟ್ಟು 10. ಫೈಲಿನಾಗ ಮೊದಲು ಚುಕ್ಕಿ ಎಲ್ಲೆಲ್ಲಿ ಅವ ಅಂತ, ಆಮ್ಯಾಲೆ ಯಾವ ತುಂಡಿಗೆ ಯಾವ ಚುಕ್ಕಿ ಅಂತ. ನಮ್ಮ ರಂಗೋಲಿನೇ!

ತುಂಡು ಮಾಡೂ ಸಾಫ್ಟ್‌ವೇರ್ ಜಿಮೆಶ್, ಚಿತ್ರ ತೋರಿಸೂದು ಪ್ಯಾರಾವ್ಯೂ. ಜಿಮೆಶ್ ಫೈಲನ್ನ ಪ್ಯಾರಾವ್ಯೂ ಓದೂ ವಿಟಿಕೆ ರೂಪಕ್ಕ ಬದಲಿಸ್ಲಿಕ್ಕೆ ಆಕಿ ತಾನೇ ಪ್ರೋಗ್ರಾಮ್ ಬರದಿದ್ಲು. ಜಿಮೆಶ್ ಚುಕ್ಕಿ 1ರಿಂದ ಎಣಸ್ತದ, ವಿಟಿಕೆ 0ಯಿಂದ. ಅದನ್ನ ಸರಿ ಮಾಡಿದ್ಲಂತ. ಆದ್ರೂ ಎಲುಬಿನ ಮ್ಯಾಲೆ ಇಸ್ತ್ರಿ ಇಲ್ಲದ ಸೀರಿಗತೆ ಸುಕ್ಕು.

"ರಂಗೋಲಿ ತಪ್ಪಿದ್ರ ನಾ ಅಂಗಳ ತುಂಬ ಹುಡುಕಂಗಿಲ್ಲ, ಒಂದು ಎಸಳು ನೋಡ್ತೀನಿ. ನೀನೂ ಒಂದ ತುಂಡು ತಗಿ" ಅಂದೆ.

ಹಳೇ ಕ್ಯಾಲೆಂಡರಿನ ಹಿಂದ ಒಂದ ಸಮೋಸಾ ಬರದು, ಹತ್ತೂ ಚುಕ್ಕಿಗೆ ಎರಡೂ ಕಡಿಯ ಸಾಲು ಹಚ್ಚಿದ್ಲು. ಎಂಟು ಹೊಂದಿದ್ವು. ಕಡೀ ಎರಡು ಅದಲುಬದಲು! ಜಿಮೆಶ್ ಒಂಬತ್ತನೇದು ಅಂದದ್ದು ವಿಟಿಕೆಗೆ ಹತ್ತನೇದು. ಅವೆರಡನ್ನ ತಿರುಗಿಸಿದ್ಲು, ಸುಕ್ಕು ಹೋತು.

ಮೆಶಿಯೋ ಅಂತ ಪುಕ್ಕಟೆ ಸಿಗೂದೊಂದು ಅದ, ಈ ಅದಲುಬದಲು ತಾನೇ ಮಾಡ್ತದಂತ. "ಮತ್ತ ಅದನ್ನೇ ಬಳಸಬೇಕಿತ್ತಲ್ಲ?" ಅಂದ್ರ, "ಕಲೀಬೇಕು ಅಂತ ನಾನೇ ಬರದೆ" ಅಂದ್ಲು. ಖರೆ. ಮಸಾಲಿ ಒಮ್ಮೆ ಕೈಲೆ ಕುಟ್ಟಿದ್ರ ಅದರಾಗ ಏನದ ಅಂತ ತಿಳೀತದ.

ಮುಂಜಾನೆ ನಮ್ಮತ್ತಿ ಕೋಲು ಊರಿಕೊಂಡು ಬಂದು ಪರದೆ ನೋಡಿ, "ನನ್ನ ಎಲುಬೇನ ಇದು?" ಅಂದ್ರು.

"ಅಲ್ಲಜ್ಜಿ, ನಿಮ್ಮಂಥೋರ್ದು. ಈ ಕೆಂಪು ಕಾಣ್ತದಲ್ಲ, ಅಲ್ಲೇ ಒತ್ತಡ ಜಾಸ್ತಿ" ಅಂದ್ಲು. ಆಮ್ಯಾಲೆ ನನ್ನ ಕಡೆ ತಿರುಗಿ, "ಅವ್ವಾ, ಇಲ್ಲಿ ಕೂಡು, ಮುಂದಿಂದೂ ಹೇಳ್ತೀನಿ" ಅಂದ್ಲು.

ಒಲಿ ಮ್ಯಾಲಿನ ಚಹಾ ಉಕ್ಕಿ ಹೋತು. ಹೋಗ್ಲಿ ಬಿಡ್ರಿ.