ಕೆಲಸಕ್ಕೆ ಹೋಗದ ಪೆನ್ನಿ

ಅಮೆರಿಕದ ಒಂದು ಸೆಂಟಿನ ನಾಣ್ಯವಾದ ಗೋಧಿ ತೆನೆಯ ಪೆನ್ನಿಗಳಲ್ಲಿ ಮೇಲ್ದರ್ಜೆಯದು ಎಂದರೆ ಹುಟ್ಟಿದ ಮೇಲೆ ಒಂದು ದಿನವೂ ಕೆಲಸಕ್ಕೆ ಹೋಗದ್ದು. ಟಂಕಸಾಲೆಯಿಂದ ಹೊರಬಿದ್ದದ್ದೇ ಯಾರದೋ ಮೇಜಿನ ಖಾನೆ ಸೇರಿ ನೂರು ವರ್ಷ ಗಡದ್ದಾಗಿ ಮಲಗಿತ್ತೋ, ಕೆಲವು ಇಸವಿಗಳದಕ್ಕೆ ಸಾವಿರಾರು ಡಾಲರ್. ಅದೇ ಇಸವಿಯಲ್ಲಿ ಹುಟ್ಟಿ, ಅಂಗಡಿ ಅಂಗಡಿ ಅಲೆದು, ಮಕ್ಕಳಿಗೆ ಮಿಠಾಯಿ ಕೊಡಿಸಿ, ಲಿಂಕನ್ನನ ಕೆನ್ನೆ ಸವೆಸಿಕೊಂಡು ಬಂದ ಅದರ ತಮ್ಮನನ್ನು ಕೇಳುವವರು ಕಡಿಮೆ. ನಿವೃತ್ತಿಯಾಗುವವರೆಗೂ ನ್ಯೂಜೆರ್ಸಿಯ ಬೆಳಗಿನ ರೈಲಿಗೆ ಓಡಿದ ನನಗೆ ಈ ನ್ಯಾಯ ಹಿಡಿಸುವುದಿಲ್ಲ. ಆದರೂ ಕೊಳ್ಳುವಾಗ ಕೈ ಹೋಗುವುದು ಆ ಸೋಮಾರಿಯ ಕಡೆಗೇ.

ಈ ನಾಣ್ಯ ಬಂದದ್ದು 1909ರಲ್ಲಿ, ಲಿಂಕನ್ ಹುಟ್ಟಿ ನೂರು ವರ್ಷವಾದಾಗ. ರೂಪಿಸಿದವನು ಲಿಥುವೇನಿಯಾದಿಂದ ವಲಸೆ ಬಂದ ಶಿಲ್ಪಿ ವಿಕ್ಟರ್ ಡೇವಿಡ್ ಬ್ರೆನರ್. ಮುಂದೆ ಲಿಂಕನ್, ಹಿಂದೆ ಎರಡು ಗೋಧಿ ತೆನೆ, ತೆನೆಯ ಬುಡದಲ್ಲಿ ತನ್ನ ಹೆಸರಿನ ಮೂರಕ್ಷರ: ವಿ.ಡಿ.ಬಿ. ಒಂದು ಸೆಂಟಿನ ಮೇಲೆ ಇಷ್ಟು ದೊಡ್ಡ ರುಜುವೇ ಎಂದು ಗದ್ದಲವೆದ್ದಿತು. ಕೆಲವೇ ದಿನಗಳಲ್ಲಿ ಅಕ್ಷರಗಳನ್ನು ತೆಗೆದರು. ಅಷ್ಟರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಟಂಕಸಾಲೆಯವರು 4,84,000 ನಾಣ್ಯ ಒತ್ತಿ ಮುಗಿಸಿದ್ದರು. ಇವತ್ತಿಗೂ ಸಂಗ್ರಾಹಕರ ನಿದ್ದೆ ಕೆಡಿಸುವುದು ಅವೇ. 1918ರಲ್ಲಿ ಆ ಮೂರಕ್ಷರ ಲಿಂಕನ್ನನ ಭುಜದ ಅಂಚಿಗೆ ಮರಳಿತು, ಭೂತಗನ್ನಡಿ ಹಿಡಿದರಷ್ಟೇ ಕಾಣುವ ಗಾತ್ರದಲ್ಲಿ. ಬ್ರೆನರ್ ಆಗ ಬದುಕಿದ್ದ, ಅದೊಂದು ಸಮಾಧಾನ.

ಆ ಪುಟ್ಟ ಅಕ್ಷರಗಳು ಈಗ ಪೊಲೀಸರ ಕೆಲಸ ಮಾಡುತ್ತಿವೆ. 1914ರ ಡೆನ್ವರ್ ಟಂಕಸಾಲೆಯ ಪೆನ್ನಿ ಅಪರೂಪ; 1944ರದು ಬೊಗಸೆಗಟ್ಟಲೆ ಸಿಗುತ್ತದೆ. ಮೋಸಗಾರರು 1944ರ ಮೊದಲ ನಾಲ್ಕನ್ನು ಕೆತ್ತಿ ಒಂದು ಮಾಡುತ್ತಾರೆ. ಅಂಕಿ ತಿದ್ದುವಾತ ಭುಜ ಮರೆಯುತ್ತಾನೆ. 1914ರಲ್ಲಿ ಇರಲೇಬಾರದ ವಿ.ಡಿ.ಬಿ. ಅಲ್ಲಿ ಕೂತು ನಗುತ್ತಿರುತ್ತದೆ. ಒಂಬತ್ತಕ್ಕೂ ಒಂದಕ್ಕೂ ನಡುವೆ ಅನುಮಾನ ಬರುವಷ್ಟು ಜಾಗ ಬೇರೆ.

ಗುಣ ನೋಡುವುದಕ್ಕೊಂದು ಪದ್ಧತಿ ಇದೆ. ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿದು ದೀಪದ ಕೆಳಗೆ ಮೆಲ್ಲಗೆ ವಾಲಿಸಬೇಕು. ಟಂಕದ ಹೊಳಪು ಇದ್ದರೆ ಬೆಳಕು ಒಂದೇ ಕಡೆ ನಿಲ್ಲದೆ ಗಾಡಿಚಕ್ರದ ಅರಗಳ ಹಾಗೆ ಸುತ್ತುತ್ತದೆ. ಆಮೇಲೆ ಲಿಂಕನ್ನನ ಕೆನ್ನೆಯ ಮೂಳೆ, ದವಡೆ, ಹಿಂದೆ ಗೋಧಿಯ ಗೆರೆಗಳು. ಅಲ್ಲಿ ಹೊಳಪು ಕಡಿದಿದ್ದರೆ ಯಾರೋ ಜೇಬಿನಲ್ಲಿಟ್ಟು ತಿರುಗಿದ್ದಾರೆ ಎಂದು ತಿಳಿಯಬೇಕು. ಇದರಲ್ಲೂ ಒಂದು ತೊಡಕು. 1920ರ ದಶಕದಲ್ಲಿ ಡೆನ್ವರ್, ಸ್ಯಾನ್‌ಫ್ರಾನ್ಸಿಸ್ಕೊಗಳಲ್ಲಿ ಸವೆದ ಅಚ್ಚನ್ನೇ ಮತ್ತೆ ಮತ್ತೆ ದುಡಿಸಿದ್ದರಿಂದ ಎಷ್ಟೋ ಪೆನ್ನಿಗಳು ಹುಟ್ಟುವಾಗಲೇ ಮುದುಕರ ಮುಖ ಹೊತ್ತು ಬಂದವು. ಹುಟ್ಟಿನಿಂದ ಬಂದ ಮಂಕು ಯಾವುದು, ದುಡಿದು ಬಂದ ಸವಕಲು ಯಾವುದು ಎಂದು ಹೇಳಬಲ್ಲವನೇ ನಿಜವಾದ ಪರೀಕ್ಷಕ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ನಾನೂ ಸ್ವಲ್ಪ ಸುಧಾರಿಸಿದ್ದೇನೆ.

ಇನ್ನು ಬಣ್ಣ. ನೂರಕ್ಕೆ ತೊಂಬತ್ತೈದು ಪಾಲು ತಾಮ್ರದ ನಾಣ್ಯ ಇದು. ಗಾಳಿ ತಾಕಿದರೆ ಕಂದುತ್ತದೆ. ಹುಟ್ಟುಬಣ್ಣ ಉಳಿದಿದ್ದರೆ ‘ರೆಡ್’, ಅರ್ಧಂಬರ್ಧವಾದರೆ ‘ರೆಡ್-ಬ್ರೌನ್’, ಹೋಗೇಬಿಟ್ಟಿದ್ದರೆ ‘ಬ್ರೌನ್’. ಮೂರಕ್ಕೂ ಬೆಲೆಯಲ್ಲಿ ಅಜಗಜಾಂತರ. ಉಜ್ಜಿ ಹೊಳಪು ತರಿಸಿದ್ದಕ್ಕೆ ಮಾತ್ರ ಕ್ಷಮೆಯಿಲ್ಲ.

ಇದನ್ನು ಮೈಸೂರಿನಿಂದ ಬಂದಿದ್ದ ಅಮ್ಮನಿಗೆ ಹೇಳುವುದು ಹೇಗೆ? ಮೇಜಿನ ಮೇಲಿದ್ದ 1911ರ ಕಂದು ಪೆನ್ನಿಯನ್ನು ನೋಡಿ, “ಅಲ್ವೋ, ಇಷ್ಟು ಕಪ್ಪಿಟ್ಟಿದೆ. ಒಂಚೂರು ಹುಣಸೆಹಣ್ಣು ಹಾಕಿ ತಿಕ್ಕಬಾರದಾ?” ಎಂದರು.

“ಅಮ್ಮಾ, ತಿಕ್ಕಿದರೆ ಬೆಲೆ ಹೋಗುತ್ತೆ.”

“ತಿಕ್ಕದೇ ಇದ್ದರೆ ಮಾನ ಹೋಗುತ್ತಲ್ಲೋ.”

ದೇವರ ಮನೆಯ ತಂಬಿಗೆಯಿಂದ ನೀರೊಲೆಯ ಹಂಡೆಯವರೆಗೆ ಎಲ್ಲವನ್ನೂ ಬೆಳಗಿ ಇಟ್ಟುಕೊಂಡವರಿಗೆ ಉತ್ತರ ಕೊಡುವುದು ಕಷ್ಟ. ನನ್ನ ಡಬ್ಬಿಯಲ್ಲಿದ್ದ 1943ರ ಬೆಳ್ಳನೆಯ ಉಕ್ಕಿನ ಪೆನ್ನಿ ತೋರಿಸಿದೆ. ಯುದ್ಧಕ್ಕೆ ತಾಮ್ರ ಬೇಕೆಂದು ಆ ವರ್ಷ ಉಕ್ಕಿಗೆ ಸತುವಿನ ಲೇಪ ಕೊಟ್ಟು ಒತ್ತಿದ್ದು. ಅದೇ ಯುದ್ಧ, ಅದೇ ವರ್ಷ ನಮ್ಮ ಕಡೆ ಕಾಸಿನ ನಡುವೆ ತೂತು ಬಿಟ್ಟು ಲೋಹ ಉಳಿಸಿದರು. “ತೂತು ಕಾಸು!” ಎಂದು ಅಮ್ಮನ ಮುಖ ಅರಳಿತು. ಕಡಲೆಪುರಿ ಕೊಂಡದ್ದು, ತಮ್ಮನ ಉಡಿದಾರಕ್ಕೆ ಕಟ್ಟಿದ್ದು, ಅದು ಬಾವಿಗೆ ಬಿದ್ದದ್ದು, ಎಲ್ಲ ಬಂತು. “ನಿನ್ನ ಈ ಕಾಸಿನಿಂದ ಯಾರು ಏನು ಕೊಂಡಿದ್ದರೋ?” ಎಂದು ಕೊನೆಗೆ ಕೇಳಿದರು. ಏನೂ ಕೊಂಡಿರಲಿಲ್ಲ. ಅದೇ ಅದರ ಹೆಗ್ಗಳಿಕೆ ಎನ್ನಲು ನನಗೆ ಬಾಯಿ ಬರಲಿಲ್ಲ.

ನಾಣ್ಯದ ದರ್ಜೆಗೆ ಅಂಕ ಹಚ್ಚುವ ಪದ್ಧತಿ ಕೊಟ್ಟವನು ವಿಲಿಯಂ ಶೆಲ್ಡನ್, 1949ರಲ್ಲಿ. ಮನುಷ್ಯರ ಮೈಕಟ್ಟನ್ನೂ ಮೂರು ಬಗೆಯಾಗಿ ವಿಂಗಡಿಸಿದ್ದ ಮನಶ್ಶಾಸ್ತ್ರಜ್ಞ ಆತ. ಹಳೆಯ ದೊಡ್ಡ ಸೆಂಟುಗಳಿಗೆಂದು ಒಂದರಿಂದ 70ರವರೆಗೆ ಅಳತೆಗೋಲು ಮಾಡಿದ. ನಮ್ಮ ಪಿಯುಸಿಯ ಭೌತಶಾಸ್ತ್ರದ ಥಿಯರಿ ಪೇಪರಿನ ಹಾಗೆ, 70ಕ್ಕೆ ಇಷ್ಟು. ಇದೇ ಮಹಾನುಭಾವ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಿಂದ ಒಳ್ಳೆಯ ಸೆಂಟುಗಳನ್ನೆತ್ತಿ ಆ ಜಾಗದಲ್ಲಿ ಕಳಪೆಯವನ್ನು ಇಟ್ಟದ್ದು ಅವನು ಸತ್ತ ಮೇಲೆ ಬಯಲಾಯಿತು. ಯಾವುದು ಒಳ್ಳೆಯದು, ಯಾವುದು ಕಳಪೆ ಎಂಬ ವಿಷಯದಲ್ಲಂತೂ ಅವನು ತಪ್ಪಲಿಲ್ಲ.

ಅರವತ್ತರಿಂದ ಮೇಲಿನವು ‘ಮಿಂಟ್ ಸ್ಟೇಟ್’. 1980ರ ದಶಕದಿಂದ ಕಂಪನಿಗಳು ನಾಣ್ಯವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಅಂಕದ ಚೀಟಿ ಸೇರಿಸಿ ಕೊಡುತ್ತಿವೆ. 64ಕ್ಕೂ 65ಕ್ಕೂ ಇರುವ ವ್ಯತ್ಯಾಸ ನನ್ನ ಕಣ್ಣಿಗಿಂತ ಮೊದಲು ಪರ್ಸಿಗೆ ಗೊತ್ತಾಗುತ್ತದೆ. ಹಾಗಾಗಿ ನಾನು ಬಹುತೇಕ 64ರವನು.

2025ರ ನವೆಂಬರಿನಲ್ಲಿ ಫಿಲಡೆಲ್ಫಿಯಾದಲ್ಲಿ ಚಲಾವಣೆಗೆಂದು ಕೊನೆಯ ಪೆನ್ನಿ ಒತ್ತಿ ನಿಲ್ಲಿಸಿದರು. ಒಂದು ಸೆಂಟು ಮಾಡಲು ಮೂರು ಸೆಂಟಿಗೂ ಹೆಚ್ಚು ಬೀಳುತ್ತಿತ್ತಂತೆ. ಇನ್ನು ಮೇಲೆ ಪೆನ್ನಿಗಳೆಲ್ಲ ಒಂದೊಂದಾಗಿ ನಿವೃತ್ತಿಯ ದಾರಿ ಹಿಡಿಯುತ್ತವೆ. ಆ ದುಃಖದಲ್ಲೇ ನಾಣ್ಯ ಮೇಳಕ್ಕೆ ಹೋದಾಗ, ವಯಸ್ಸಾದ ವ್ಯಾಪಾರಿಯ ಮೇಜಿನ ಮೇಲೆ 1910ರ ಒಬ್ಬ ಕೆಂಪು ಚೆಲುವ ಸಿಕ್ಕಿದ. ಹೊಳಪು ಸುತ್ತಿತು, ಗೋಧಿಯ ಗೆರೆ ಕೊನೆಯವರೆಗೂ ಇತ್ತು. ಲಿಂಕನ್ನನ ಕೆನ್ನೆಯ ಮೇಲೆ ಮಾತ್ರ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆ. ಚೌಕಾಸಿಗೆ ನನಗೆ ಅಷ್ಟೇ ಸಾಕಾಗಿತ್ತು.

“ಕೆನ್ನೆ ಮೇಲೇ ಕಲೆ ಇದೆಯಲ್ಲ,” ಎಂದೆ.

ಆತ ಕನ್ನಡಕ ಏರಿಸಿಕೊಂಡು ನೋಡಿದ. “ಲಿಂಕನ್ನನ ಬಲಗೆನ್ನೆಯಲ್ಲಿ ನಿಜಕ್ಕೂ ಮಚ್ಚೆ ಇತ್ತು. ಬ್ರೆನರ್ ಬಿಟ್ಟಿದ್ದನ್ನು ಗಾಳಿ ತುಂಬಿಕೊಟ್ಟಿದೆ. ಲೆಕ್ಕದಲ್ಲಿ ನೀವೇ ಐದು ಡಾಲರ್ ಹೆಚ್ಚು ಕೊಡಬೇಕು,” ಎಂದ. ಕೊನೆಗೆ ಹೇಳಿದ ಬೆಲೆಗೇ ಕೊಟ್ಟ.